ಅಯ್ಯಾಳಪ್ಪನ ಹದಿನಾಲ್ಕು ರೂಪ

ನಮ್ಮ ಹೆಗ್ಗಣಕ್ಕೆ ಪೋಲಿಷ್ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಲಿಂಗಸುಗೂರು ಸೀಮೆಯಲ್ಲಿ, ನೆಲದಿಂದ ಮೂರು ಕಿಲೋಮೀಟರ್ ಕೆಳಗೆ, ಪೋಲಿಷ್ ಮಾತಾಡುವ ಹೆಗ್ಗಣ! ಕೇಳಿದವರು ನಗುತ್ತಾರೆ. ನಗಲಿ, ಮೊದಮೊದಲು ನಾವೂ ನಕ್ಕವರೇ.

ಹೆಗ್ಗಣ ಅಂದರೆ ಯಂತ್ರ. ಎಮ್ಮೆಕರುವಿನಷ್ಟು ದಪ್ಪ, ಮುಂದೆ ಕಲ್ಲು ಅಗಿಯುವ ಮೂತಿ, ಹಿಂದೆ ಗಣಿಯ ಮೇಲಿನವರೆಗೂ ಹರಿದುಬರುವ ಕೇಬಲ್ಲಿನ ಬಾಲ. ಕಲ್ಲಿದ್ದಲ ಗಣಿಗಳಲ್ಲಿ ಪಳಗಿದ ಪೋಲೆಂಡಿನವರು ಮಾಡಿ ಕಳಿಸಿದ್ದು. ಒಳಗೆ ಬಂಡೆ ಕುಸಿದು ಯಾರಾದರೂ ಸಿಕ್ಕಿಕೊಂಡರೆ ಇದು ಆ ರಾಶಿಯೊಳಗೆ ನುಗ್ಗುತ್ತದೆ, ಸಿಕ್ಕಿಕೊಂಡವನನ್ನು ಹೆಸರು ಹಿಡಿದು ಕರೆಯುತ್ತದೆ, ಉತ್ತರ ಬಂದ ಕಡೆಗೆ ತೋಡುತ್ತದೆ. ಕಂಪನಿ ಇಟ್ಟ ಹೆಸರು ಮೊಳದುದ್ದ ಇತ್ತು. ನಮ್ಮ ಬಂಗಾರಿಗುಡ್ಡ ಗಣಿಯ ಜನ ಬಾಲ ನೋಡಿದ ದಿನವೇ ಅದನ್ನು ಹೆಗ್ಗಣ ಎಂದುಬಿಟ್ಟರು.

ಅದು ಪೋಲಿಷನ್ನೇ ಯಾಕೆ ಆಡಬೇಕು? ಅದಕ್ಕೆ ಕಾರಣವಿದೆ. ಹಳೆಯ ಕಾಲದ ಯಂತ್ರಗಳು ಜನರ ಮಾತು ಕೇಳಿ ಕೇಳಿ ತಾವೇ ಕಲಿಯುತ್ತಿದ್ದವು. ಗೊತ್ತಿಲ್ಲದ್ದನ್ನು ಊಹಿಸುತ್ತಿದ್ದವು. ನೆಲದ ಮೇಲೆ ಊಹೆ ತಪ್ಪಿದರೆ ಯಾರದ್ದೂ ಗಂಟು ಹೋಗುವುದಿಲ್ಲ. ಆದರೆ ಎಲ್ಲೋ ಒಂದು ಗಣಿಯಲ್ಲಿ ಅಂಥ ಯಂತ್ರ ನೀರು ಸೋರುವ ಸದ್ದನ್ನೇ ಮನುಷ್ಯನ ನರಳಾಟ ಎಂದು ಊಹಿಸಿ ಆ ಕಡೆ ತೋಡುತ್ತ ಹೋಯಿತಂತೆ, ಮನುಷ್ಯ ಈ ಕಡೆ ಸತ್ತ. ಆಮೇಲೆ ಪೋಲೆಂಡಿನಲ್ಲಿ ಕಾನೂನು ಬಂತು: ನೆಲದ ಕೆಳಗೆ ಹೋಗುವ ಯಂತ್ರ ಊಹಿಸಕೂಡದು. ಅದು ಆಡುವ ಪ್ರತಿ ಪದವೂ, ಆ ಪದದ ಪ್ರತಿಯೊಂದು ರೂಪವೂ, ಮನುಷ್ಯರು ಕೂತು ಪರೀಕ್ಷೆ ಮಾಡಿದ ಒಂದು ನಿಘಂಟಿನಲ್ಲಿ ಇರಬೇಕು. ಅಂಥ ನಿಘಂಟು ಇದ್ದದ್ದು ಪೋಲಿಷಿಗೊಂದೇ, ಅದೂ ಅಂತರ್ಜಾಲದಲ್ಲಿ. ಪೋಲಿಷ್ ಪದ ಎಲ್ಲೆಲ್ಲಿ ಹೇಗೆ ಬಾಗುತ್ತದೆ, ಬಳುಕುತ್ತದೆ ಎಂದು ತೋರಿಸುವ ಕೋಷ್ಟಕಗಳ ದೊಡ್ಡ ಕಾಡು ಅದು. ಹೆಗ್ಗಣ ಬಾಲದ ಮೂಲಕ ಉಸಿರಿಗೊಮ್ಮೆ ಆ ಕಾಡಿಗೆ ಹೋಗಿ ಕೇಳಿಕೊಂಡೇ ಬಾಯಿ ತೆರೆಯುತ್ತಿತ್ತು.

ಆ ಕಾಡಿನಲ್ಲಿ ನಮ್ಮವರ ಹೆಸರುಗಳನ್ನು ನೆಡುವ ಕೆಲಸ ನನ್ನದು. ನಾನು ಸೂಗಮ್ಮ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಬಾಯಿಮಾತಿಗೆ. ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಆಡುತ್ತೀ ಎಂದು ಅವ್ವ ಬಯ್ಯುತ್ತಾಳೆ. ಕಂಪನಿಯವರು ಪೋಲಿಷ್ ಕಲಿಯುವವರು ಬೇಕು ಎಂದಾಗ ಮೊದಲು ಓಡಿದವಳು ನಾನೇ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದವರಿಗೆ ಅದೇನು ಮಹಾ ಎಂಬ ಜಂಬ ಬೇರೆ. ಕಲಿಯುವಾಗ ಕಣ್ಣಲ್ಲಿ ನೀರು ಬಂತು, ಅದು ಬೇರೆ ಮಾತು. ಆದರೂ ಕಲಿತೆ.

ಗಣಿಯ ಪ್ರತಿ ಕೆಲಸಗಾರನ ಹೆಸರಿಗೂ ಒಂದು ಕೋಷ್ಟಕ. ಒಬ್ಬನಿದ್ದರೆ ಏಳು ರೂಪ, ಹಲವರಿದ್ದರೆ ಏಳು. ಅವನನ್ನು ಕಂಡೆ ಎನ್ನಲು ಒಂದು, ಅವನ ಜೊತೆ ಹೋದೆ ಎನ್ನಲು ಇನ್ನೊಂದು. ಕೊನೆಯ ಚೌಕ ಕರೆಯುವುದಕ್ಕೆ. ನನ್ನ ತಮ್ಮ ಅಯ್ಯಾಳಪ್ಪನದು ತುಂಬಿದ ದಿನ ಮನೆಯಲ್ಲಿ ಓದಿ ತೋರಿಸಿದೆ. ಅವನೂ ಅದೇ ಗಣಿಯಲ್ಲಿ ಡ್ರಿಲ್ಲರ್. ಬಹುವಚನಕ್ಕೆ ಬಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನಂದಿ? ಬಾಳ ಮಂದಿ ಅಯ್ಯಾಳಪ್ಪಗೋಳಾ?”

“ಹೌದವ್ವಾ. ನಿಘಂಟಿನಾಗ ಆ ಚೌಕಾನೂ ತುಂಬಬೇಕು.”

“ಈ ಒಬ್ಬಂಗ ರೊಟ್ಟಿ ಬಡದು ಬಡದು ನನ್ನ ರೆಟ್ಟಿ ಬಿದ್ದಾವ. ಇನ್ನ ಹತ್ತು ಮಂದಿ ಬಂದ್ರ ನೀನ ಬಡಿ.”

ಅಯ್ಯಾಳಪ್ಪ ನಕ್ಕೂ ನಕ್ಕೂ ಕೆಮ್ಮಿದ. ಕರೆಯುವ ಚೌಕ ಮಾತ್ರ ಅವನಿಗೆ ಹಿಡಿಸಿತು. ಪೋಲಿಷಿನವರು ಇಂಥ ಹೆಸರಿನ ಕೊನೆಗೆ ಒಂದು ‘ಓ’ ಸೇರಿಸಿ ಕರೆಯುತ್ತಾರೆ. ಅಯ್ಯಾಳಪ್ಪೋ. ನಮ್ಮ ಓಣಿಯಲ್ಲಿ ಕರೆದ ಹಾಗೇ ಇತ್ತು.

ಇನ್ನೂ ಒಂದು ವ್ಯವಸ್ಥೆ ಇತ್ತು. ಕತ್ತಲಲ್ಲಿ ಸಿಕ್ಕಿಬಿದ್ದವನಿಗೆ ಯಂತ್ರದ ದನಿಗಿಂತ ಮನೆಯವರ ದನಿ ಕೇಳಿದರೆ ಧೈರ್ಯ ಬರುತ್ತದೆ ಎಂದು ಅವರ ದೇಶದ ಸಂಶೋಧನೆ ಹೇಳಿತ್ತಂತೆ. ಅದಕ್ಕೆ ಪ್ರತಿಯೊಬ್ಬನ ಕರೆಯನ್ನೂ ಅವರ ಮನೆಯವರ ದನಿಯಲ್ಲೇ ಮುದ್ರಿಸಬೇಕು. ಅಕ್ಷರ ಅಕ್ಷರವೂ ನಿಘಂಟಿನ ಚೌಕಕ್ಕೆ ಹೊಂದಬೇಕು, ಒಂದು ಅಕ್ಷರ ಹೆಚ್ಚಾದರೂ ಹೆಗ್ಗಣ ಒಪ್ಪದು. ಅವ್ವ ಮೈಕು ಕಂಡರೆ ಮಾರು ದೂರ. ಹಾಗಾಗಿ ತಮ್ಮನ ಹೆಸರನ್ನು ನಾನೇ ಕರೆದೆ. ಟೀಚರ್ ಹಾಜರಿ ಕರೆದಂತೆ, ಸ್ಪಷ್ಟವಾಗಿ, ಮೆತ್ತಗೆ.

ಹೆಗ್ಗಣದ ಜೊತೆ ಬಂದ ಎಂಜಿನಿಯರ್ ವಿಟೋಲ್ಡ್. ನಮ್ಮವರ ಬಾಯಲ್ಲಿ ವಿಠಲಣ್ಣ. ಮೀಸೆಯಿಂದ ಹಿಡಿದು ಷೂ ಲೇಸಿನವರೆಗೆ ಎಲ್ಲ ಅಚ್ಚುಕಟ್ಟು, ಜೋಳದ ರೊಟ್ಟಿ ಒಂದನ್ನು ಬಿಟ್ಟರೆ ಯಾವುದಕ್ಕೂ ಆಸೆಪಡದ ಮನುಷ್ಯ. ಬಯಲಲ್ಲಿ ಸಿಮೆಂಟು ಪೈಪುಗಳನ್ನು ಗುಡ್ಡೆ ಹಾಕಿಸಿ, ಒಳಗೆ ಹುಡುಗರನ್ನು ಕೂರಿಸಿ ಪರೀಕ್ಷೆ ಮಾಡಿಸಿದ. ಮಟಮಟ ಮಧ್ಯಾಹ್ನ. ಹೆಗ್ಗಣ ಒಬ್ಬೊಬ್ಬರನ್ನೂ ಅವರವರ ಹೆಂಡತಿ, ಅಕ್ಕ, ಅವ್ವಂದಿರ ದನಿಯಲ್ಲಿ ಕರೆಯಿತು. ಪೈಪಿನೊಳಗಿಂದ “ಓ” “ಓ” ಎಂದು ನಗುತ್ತ ಉತ್ತರ ಬಂತು. ಎಲ್ಲರೂ ಪಾಸು.

ಬಂಡೆ ಸಿಡಿದದ್ದು ಮಳೆಗಾಲ ಕಳೆದ ಮೇಲೆ, ಬೆಳಗಿನ ಪಾಳಿಯಲ್ಲಿ. ಸೈರನ್ನು ಕೂಗಿದಾಗ ನಾನು ಕಂಟ್ರೋಲ್ ರೂಮಿನಲ್ಲೇ ಇದ್ದೆ. ಅಷ್ಟು ಆಳದಲ್ಲಿ ಕಲ್ಲಿನ ಮೇಲೆ ಕಲ್ಲಿನ ಭಾರ ಎಷ್ಟಿರುತ್ತದೆ ಅಂದರೆ, ಗೋಡೆ ಒಮ್ಮೊಮ್ಮೆ ಪಟಾಕಿಯ ಹಾಗೆ ಸಿಡಿಯುತ್ತದೆ. ಆ ಸುರಂಗದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಹೊರಗೆ ಬಂದರು. ಅಯ್ಯಾಳಪ್ಪ ಒಬ್ಬ ಬರಲಿಲ್ಲ.

ಹೆಗ್ಗಣ ಇಳಿಯಿತು. ಪರದೆಯ ಮೇಲೆ ಕಲ್ಲಿನ ರಾಶಿ, ಅದರ ನಡುವೆ ಮನುಷ್ಯ ಬದುಕಿರಬಹುದಾದ ಮೂರು ಸಂದು. ಮೊದಲ ಸಂದಿನ ಬಾಯಲ್ಲಿ ನಿಂತು ಅದು ಕರೆಯಿತು. ಸ್ಪೀಕರಿನಲ್ಲಿ ನನ್ನದೇ ದನಿ. “ಅಯ್ಯಾಳಪ್ಪೋ.” ಫ್ಯಾನು, ಪಂಪುಗಳ ಅದುರಾಟದಲ್ಲಿ ಎದೆಬಡಿತ ಹಿಡಿಯುವ ಉಪಕರಣಗಳು ಅಲ್ಲಿ ನಡೆಯುತ್ತಿರಲಿಲ್ಲ, ಬಾಯಿಂದ ಬಂದ ಉತ್ತರವೊಂದೇ ಗತಿ. ಉತ್ತರ ಬರಲಿಲ್ಲ. ತನ್ನ ಪ್ರತಿಧ್ವನಿಯನ್ನೇ ಉತ್ತರ ಅಂದುಕೊಳ್ಳಬಾರದೆಂದು ಹೆಗ್ಗಣ ಒಂದು ಜಾಗದಲ್ಲಿ ಒಂದು ರೂಪವನ್ನು ಒಂದೇ ಸಲ ಆಡುತ್ತಿತ್ತು. ಎರಡನೆಯ ಸಂದಿಗೆ ಹೋಯಿತು, ಕರೆಯಿತು. ಮೂರನೆಯದಕ್ಕೆ ಹೋಯಿತು, ಕರೆಯಿತು. ಪರದೆಯ ಮೇಲೆ ಪೋಲಿಷಿನಲ್ಲಿ ಬರೆಯಿತು: ಉತ್ತರವಿಲ್ಲ.

ನಾನು ಕುರ್ಚಿಯಿಂದ ಎದ್ದೆ, ಕೂತೆ, ಮತ್ತೆ ಎದ್ದೆ. ವಿಟೋಲ್ಡ್ ಮುಖ ಒರೆಸಿಕೊಂಡ. ಅವನ ಜೊತೆ ನಾನು ಆಡುತ್ತಿದ್ದದ್ದು ಪೋಲಿಷ್.

“ಇನ್ನೊಮ್ಮೆ ಕರೆಸಿ,” ಎಂದೆ.

“ಅದು ಕರೆಯುವುದಿಲ್ಲ. ನಾನು ಅದಕ್ಕೆ ಹೇಳುವ ಹಾಗೂ ಇಲ್ಲ, ಬೀಗ ಹಾಕಿದ ನಿಯಮ,” ಎಂದ. ಪರದೆಯ ಕೆಳಭಾಗಕ್ಕೆ ಬೆರಳಿಟ್ಟು ಹೇಳಿದ, “ಆ ಸುರಂಗದ ಕೆಳಗೆ ಇನ್ನೂ ಜನ ಇದ್ದಾರೆ. ಬಂಡೆ ಇನ್ನೊಮ್ಮೆ ಜರುಗಿದರೆ ಅವರ ದಾರಿ ಮುಚ್ಚುತ್ತದೆ. ಉತ್ತರವಿಲ್ಲ ಎಂದಾದರೆ ಅಲ್ಲಿಗೆ ಸಿಮೆಂಟು ಹಾಲು ಬಿಟ್ಟು ರಾಶಿಯನ್ನು ಗಟ್ಟಿ ಮಾಡಬೇಕು. ಪಂಪು ಜೋಡಿಸುತ್ತಿದ್ದಾರೆ. ನೀವು ಮನೆಗೆ ಹೋಗಿ ತಾಯಿಗೆ ಹೇಳಿ ಬನ್ನಿ.”

ಅವನ ಮೇಲೆ ಸಿಟ್ಟು ಬರಲಿಲ್ಲ. ಕೆಳಗಿನವರೂ ಯಾರದೋ ತಮ್ಮಂದಿರೇ.

ಊರಿನ ಜನವೆಲ್ಲ ಗಣಿಯ ಗೇಟಿನ ಹತ್ತಿರ ಸೇರಿದ್ದರು. ನಮ್ಮವ್ವ ಹುಲಿಗೆಮ್ಮ ಮಾತ್ರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿ ತುಂಬಿ ಆಗಲೇ ನೆಲದ ಮೇಲೆ ಹಾಸಿದ್ದ ಬಟ್ಟೆಯ ಮೇಲೂ ರೊಟ್ಟಿಗಳ ಸಾಲು. ನಮ್ಮ ಮೂವರಿಗೆ ವಾರವಾದರೂ ಮುಗಿಯದಷ್ಟು. ನಾನು ಬಾಗಿಲಲ್ಲಿ ನಿಂತೆ. ಅವಳು ತಿರುಗಲಿಲ್ಲ.

“ಅಂವ ಬಂದನೇನು?”

“ಇಲ್ಲವ್ವಾ.”

“ಮತ್ತ ನೀ ಯಾಕ ಬಂದಿ?”

ನಾನು ಬಾಯಿ ತೆರೆದೆ. ಅವಳು ಹಿಟ್ಟಿನ ಕೈಯನ್ನೇ ಎತ್ತಿ ನನ್ನ ಕಡೆ ತೋರಿಸಿದಳು. “ಹೇಳಬ್ಯಾಡ. ಆ ಮಾತ ಹೇಳಾಕ ಬಂದಿದ್ರ ಹೊಳ್ಳಿ ಹೋಗು. ಅಂವನ್ನ ಕರಕೊಂಡ ಬಾ, ಇಲ್ಲಾಂದ್ರ ನೀನೂ ಬರಬ್ಯಾಡ.”

ತವೆಯ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಅವಳು ಅದನ್ನು ತಿರುವಲಿಲ್ಲ. ನಾನು ಹೇಳದೆ ಹೊರಳಿ ಬಂದೆ. ಬರುವಾಗ ನಡೆದೆನೋ ಓಡಿದೆನೋ ಗೊತ್ತಿಲ್ಲ, ಗೇಟಿನಲ್ಲಿ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಕಂಟ್ರೋಲ್ ರೂಮಿಗೆ ಧೂಳು ಬರಬಾರದೆಂದು ಒಂದು ಕಿಟಕಿಯನ್ನೂ ಇಟ್ಟಿಲ್ಲ. ಒಳಗೆ ಹೊಕ್ಕರೆ ಹಗಲೋ ಇರುಳೋ ತಿಳಿಯದು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹಿಂದಿನಿಂದ ವಿಟೋಲ್ಡ್ ಕರೆದ. “ಸೂಗಮ್ಮೋ.” ಕೇಳಿಸಿತು. ನಾನು ಮಾತಾಡಲಿಲ್ಲ. ಇನ್ನೊಮ್ಮೆ ಕರೆದ. ಆಗಲೂ ಕೇಳಿಸಿತು, ಆಗಲೂ ಸುಮ್ಮನಿದ್ದೆ. ಅವನು ಹತ್ತಿರ ಬಂದು ಭುಜ ಮುಟ್ಟಿದ.

“ಎರಡು ಸಲ ಕರೆದೆ. ಕೇಳಿಸಲಿಲ್ಲವೇ?”

“ಕೇಳಿಸಿತು.”

“ಮತ್ತೆ ಉತ್ತರ ಕೊಡಲಿಲ್ಲ?”

ನಾನು ಯಾಕೆ ಉತ್ತರ ಕೊಡಲಿಲ್ಲ? ಬೇಕೆಂದು ಅಲ್ಲ. ಬಂಗಾರಿಗುಡ್ಡದ ಗಣಿ ಮನೆತನದಲ್ಲಿ ಹುಟ್ಟಿದ ಯಾರೂ ಬಿಸಿಲು ಕಾಣದ ಜಾಗದಲ್ಲಿ ಮೊದಲ ಕರೆಗೆ ಓಗೊಡುವುದಿಲ್ಲ, ಎರಡನೆಯದಕ್ಕೂ ಇಲ್ಲ. ಗಣಿಯೊಳಗೆ ಕತ್ತಲವ್ವ ಇರುತ್ತಾಳೆ, ಅವಳು ನಿನ್ನ ಮನೆಯವರದೇ ದನಿ ತೊಟ್ಟು ಬಂದು ಕರೆಯುತ್ತಾಳೆ, ಓ ಅಂದರೆ ಒಯ್ಯುತ್ತಾಳೆ. ಅವಳಿಗೆ ಎರಡೇ ಕರೆ. ಮೂರನೆಯದನ್ನು ಮನುಷ್ಯರು ಮಾತ್ರ ಕರೆಯಬಲ್ಲರು. ಕತ್ತಲವ್ವನನ್ನು ನಾನು ನಂಬುತ್ತೇನೆಯೇ? ಇಲ್ಲ. ಬಿ.ಎಡ್. ಮಾಡಿದವಳು. ಆದರೆ ಬಾಯಿ ನನ್ನ ಮಾತು ಕೇಳುವುದಿಲ್ಲ, ಮೂರು ಎಣಿಸಿಯೇ ತೆರೆಯುತ್ತದೆ.

ನಾವು ಮಾಡಿದ್ದೇನು? ಮಣ್ಣಿನ ಕೆಳಗೆ, ಮನೆಯವರು ಇರಲು ಸಾಧ್ಯವೇ ಇಲ್ಲದ ಜಾಗಕ್ಕೆ ಮನೆಯವರ ದನಿಯನ್ನು ಕಳಿಸಿ ಒಂದೇ ಒಂದು ಸಲ ಕರೆಸಿದ್ದೆವು. ಕತ್ತಲವ್ವ ಕೂಡ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಪರೀಕ್ಷೆಯ ದಿನ ಹುಡುಗರು ಓ ಎಂದದ್ದು ಪೈಪಿನ ಎರಡೂ ಬಾಯಿಂದ ಬಿಸಿಲು ಬರುತ್ತಿದ್ದದ್ದಕ್ಕೆ.

“ಅವನು ಬದುಕಿದ್ದಾನೆ. ಕೇಳಿಸಿಕೊಂಡೂ ಸುಮ್ಮನಿದ್ದಾನೆ,” ಎಂದೆ. ವಿಟೋಲ್ಡನಿಗೆ ಅರ್ಥ ಮಾಡಿಸಲು ಹೊತ್ತು ಹಿಡಿಯಲಿಲ್ಲ. ಅವನ ಅಜ್ಜನೂ ಗಣಿಯವನು, ಒಳಗೆ ಸಿಳ್ಳೆ ಹಾಕಿದರೆ ಅಪಶಕುನ ಎಂದು ಕಪಾಳಕ್ಕೆ ಬಾರಿಸುತ್ತಿದ್ದನಂತೆ.

ಹೆಗ್ಗಣ ಒಂದು ರೂಪವನ್ನು ಎರಡನೆಯ ಸಲ ಆಡದು. ಆದರೆ ಹೊಸ ರೂಪ ಸಿಕ್ಕರೆ ಆಡಲೇಬೇಕು. ನಿಘಂಟು ತೆರೆದು ಅಯ್ಯಾಳಪ್ಪನ ಕರೆಯುವ ಚೌಕದಲ್ಲಿ ಹೆಸರನ್ನು ಮೂರು ಸಲ ಒಟ್ಟಿಗೆ ಬರೆದೆ. ನನ್ನದೇ ಹಳೆಯ ಕರೆಯನ್ನು ಮೂರು ಸಲ ಜೋಡಿಸಿ ಲಗತ್ತಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಅದು ಅಳಿಸಿಹೋಯಿತು. ಮತ್ತೆ ಬರೆದೆ, ಮತ್ತೆ ಅಳಿಸಿತು. ಕೆಳಗೆ ಸಂಪಾದಕರ ಒಂದು ಸಾಲು: ಇದು ರೂಪವಲ್ಲ, ಕೈತಪ್ಪು.

ಆ ಸಂಪಾದಕಿ ಯಾದ್ವಿಗಾ. ಲ್ಯಾಟಿನ್ ಕಲಿಸಿ ನಿವೃತ್ತಿಯಾದ ಮೇಷ್ಟ್ರಮ್ಮ, ಪೋಲೆಂಡಿನ ಯಾವುದೋ ಸಣ್ಣ ಊರಿನ ತಮ್ಮ ಅಡುಗೆಮನೆಯಲ್ಲಿ ಕೂತು ನಮ್ಮ ಹೆಸರುಗಳನ್ನು ಕಾಯುವವರು. ವಿಡಿಯೋ ಕರೆ ಮಾಡಿದಾಗ ಅವರ ಕೈಯಲ್ಲಿ ಸೌಟು, ಹಿಂದೆ ಉಪ್ಪುನೀರಲ್ಲಿ ಹಾಕಿಟ್ಟ ಸೌತೆಕಾಯಿಯ ಬಾಟಲಿಗಳ ಸಾಲು ಕಂಡಿತು.

“ಪಾನಿ ಸೂಗಮ್ಮೋ,” ಎಂದರು. ಪಾನಿ ಅಂದರೆ ಅವರಲ್ಲಿ ಅಮ್ಮಾವರೇ ಅಂದಂತೆ. “ಒಂದೇ ಹೆಸರು ಮೂರು ಸಲ. ಏನಾಗಿದೆ ನಿಮಗೆ?”

ಹೇಳಿದೆ. ನಾಲಿಗೆ ತೊದಲಿತು, ಪೋಲಿಷ್ ಪ್ರತ್ಯಯಗಳೆಲ್ಲ ಕಲಸಿಹೋದವು. ಅವರು ಒಂದನ್ನೂ ತಿದ್ದಲಿಲ್ಲ. ಅವರು ಹಾಗೆ ಬಿಟ್ಟದ್ದು ಅದೇ ಮೊದಲು.

“ನನಗೆ ಸಂಕಟವಾಗುತ್ತಿದೆ,” ಎಂದರು, “ಆದರೆ ನಿಘಂಟಿಗೆ ಸುಳ್ಳು ಸೇರಿಸಲಾರೆ. ಇವತ್ತು ನಿಮ್ಮ ತಮ್ಮನಿಗಾಗಿ ಸುಳ್ಳು ಸೇರಿಸಿದರೆ ನಾಳೆ ಅದು ಇನ್ನೊಬ್ಬರ ತಮ್ಮನ ಮೇಲೆ ಬೀಳುತ್ತದೆ. ಒಂದೇ ಮಾತು ಹೇಳಿ. ನಿಮ್ಮ ಗಣಿಯಲ್ಲಿ ಜನ ನಿಜವಾಗಿ ಹೀಗೆ ಕರೆಯುತ್ತಾರೆಯೇ?”

“ಒಳಗೆ ಬೇರೆ ತರಹ ಕರೆದದ್ದನ್ನು ಯಾರೂ ಕೇಳಿಲ್ಲ.”

“ನೀವು ಅಕ್ಕ. ನಿಮ್ಮೊಬ್ಬರ ಸಾಕ್ಷಿ ಸಾಲದು.”

ನಾನು ಬಾಗಿಲು ಒದ್ದು ತೆರೆದೆ. ಹೊರಗಿನ ಓಣಿಯಲ್ಲಿ ಅಯ್ಯಾಳಪ್ಪನ ಜೊತೆಯವರು ಧೂಳು ಮೆತ್ತಿದ ಮೈಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಫೋನನ್ನು ಅವರ ಕಡೆ ಹಿಡಿದು ಕೂಗಿದೆ, “ಒಳಗ ಮನಷ್ಯಾನ್ನ ಹೆಂಗ ಕರೀತೀರಿ? ಈಯಮ್ಮಗ ಹೇಳ್ರಿ!”

“ಮೂರ್ ಸಲರಿ!” ಎಂದರು ನಾಲ್ಕೈದು ಮಂದಿ ಒಟ್ಟಿಗೆ. ದುರುಗಪ್ಪ ಎಂಬವನು ಎದ್ದೇ ನಿಂತ. “ಒಂದ್ ಸಲ ಕರದ್ರ ಯಾವ ಮಗ ಓ ಅಂತಾನ್ರಿ? ಅಂವಗೇನು ಜೀವದ ಆಸಿ ಇಲ್ಲೇನು?”

ಭಾಷೆ ತಿಳಿಯದಿದ್ದರೂ ಎತ್ತಿದ ಮೂರು ಬೆರಳುಗಳು ಯಾದ್ವಿಗಾ ಅವರಿಗೆ ಕಂಡವು. ಸೌಟು ಕೆಳಗಿಟ್ಟು ಕೀಲಿಮಣೆ ಎಳೆದುಕೊಂಡರು. ಚೌಕ ಹಸಿರಾಯಿತು.

ಹೆಗ್ಗಣ ಮತ್ತೆ ಮೊದಲ ಸಂದಿಗೆ ಹೋಯಿತು. “ಅಯ್ಯಾಳಪ್ಪೋ. ಅಯ್ಯಾಳಪ್ಪೋ. ಅಯ್ಯಾಳಪ್ಪೋ.” ಉತ್ತರವಿಲ್ಲ. ಎರಡನೆಯದು, ಉತ್ತರವಿಲ್ಲ. ಮೂರನೆಯದರಲ್ಲೂ ಇಲ್ಲ. ಹೊರಗೆ ಸಿಮೆಂಟಿನ ಪಂಪು ಚಾಲೂ ಆದ ಸದ್ದು ಗೋಡೆಯ ಮೂಲಕ ಬಂತು. ವಿಟೋಲ್ಡ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅವರ ಕಡೆ ಸತ್ತವರಿಗೆ ಹಾಗೆ ಟೋಪಿ ತೆಗೆಯುತ್ತಾರೆ.

“ತಲಿ ಮ್ಯಾಲ ಇಟಗೋ ಅದನ್ನ!” ಎಂದು ಕನ್ನಡದಲ್ಲೇ ಅರಚಿದೆ. ಅವನು ಬೆಚ್ಚಿ ಇಟ್ಟುಕೊಂಡ.

ನಾನು ಆ ಕರೆಯನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಮೂರೂ ಒಂದೇ ಅಳತೆ, ಒಂದೇ ಮೆತ್ತನೆ. ಒಂದು ಕರೆಯನ್ನೇ ಮೂರು ಸಲ ಜೋಡಿಸಿದ್ದಲ್ಲವೇ! ಕೇಳಿದ ನನಗೇ ಅದು ನನ್ನ ದನಿ ಅನ್ನಿಸಲಿಲ್ಲ. ನಾನು ಯಾವ ಜನ್ಮದಲ್ಲಿ ತಮ್ಮನನ್ನು ಇಷ್ಟು ಸಮಾಧಾನದಿಂದ ಮೂರು ಸಲ ಕರೆದಿದ್ದೇನೆ? ಮೊದಲನೆಯದು ಕರೆ, ಎರಡನೆಯದು ಜೋರು, ಮೂರನೆಯದಕ್ಕೆ ಬೈಗುಳ ಇಲ್ಲದೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಊಟಕ್ಕೂ ಎಬ್ಬಿಸಿದ್ದಿಲ್ಲ.

ಹೊಸದಾಗಿ ಮುದ್ರಿಸಲು ಮೈಕು ಹಿಡಿದೆ. ಬೈಯಲು ಹೋದರೆ ಅಳು ಬಂತು. ಇನ್ನೊಮ್ಮೆ ಹಿಡಿದೆ, ದನಿ ಕೀರಲಾಗಿ ಒಡೆಯಿತು. ಸತ್ತವರ ಮುಂದೆ ಅಳುವ ದನಿ ಅದು, ಬದುಕಿದವನಿಗೆ ಬೈಯುವ ದನಿಯಲ್ಲ. ಬಾಗಿಲಲ್ಲಿ ನಿಂತಿದ್ದ ದುರುಗಪ್ಪನನ್ನು ಕೇಳಿದೆ, “ನೀವೆಲ್ಲ ಬಂದ್ರಿ. ಅಂವ್ಯಾಕ ಹಿಂದ ಉಳದ?”

ಅವನು ತಲೆ ತಗ್ಗಿಸಿದ. “ನಮ್ಮ ಸಂಗಾಟ ಓಡಿ ಬಂದಿದ್ನಕ್ಕಾ. ನಡುವ ಹೊಳ್ಳಿ ಹೋದ. ಬುತ್ತಿ ಡಬ್ಬಿ ಬಿಟ್ಟು ಬಂದೀನಿ, ಹೊಸಾ ಸ್ಟೀಲಿನ ಡಬ್ಬಿ, ಕಳದ್ರ ಅವ್ವ ಸುಮ್ನ ಬಿಡಂಗಿಲ್ಲ ಅಂದ.”

ಡಬ್ಬಿ! ಡಬ್ಬಿಗಾಗಿ! ಆ ಕ್ಷಣ ಅವನು ಎದುರಿಗೆ ಇದ್ದಿದ್ದರೆ ಎರಡು ಬಿಗಿಯುತ್ತಿದ್ದೆ. ಅಲ್ಲಿ ಅವ್ವ ಕಲ್ಲಿನಂತೆ ಕೂತು ಊರಿಗಾಗುವಷ್ಟು ರೊಟ್ಟಿ ಬಡಿಯುತ್ತಿದ್ದಾಳೆ, ಇಲ್ಲಿ ನಾನು ಒಂದು ಕಾಲಿನ ಚಪ್ಪಲಿಯಲ್ಲಿ ಪರದೇಶದವರ ಕಾಲು ಹಿಡಿಯುತ್ತಿದ್ದೇನೆ, ಈ ಮಹರಾಯ ಡಬ್ಬಿ ತರಲು ಹೋಗಿದ್ದಾನೆ. ಮೈಕು ಎತ್ತಿಕೊಂಡೆ. ಏನು ಹೇಳಬೇಕೆಂದು ಯೋಚಿಸಲೇ ಇಲ್ಲ.

“ಅಯ್ಯಾಳಪ್ಪೋ! ಅಯ್ಯಾಳಪ್ಪೋ! ಲೇ ಅಯ್ಯಾಳ್ಯಾ, ಡಬ್ಬಿ ಹಿಡ್ಕೊಂಡು ಅಲ್ಲೇ ಸಾಯ್ತಿಯೇನಲೇ ಮೂಳ!”

ಅದನ್ನು ಅಕ್ಷರ ಬಿಡದೆ ಚೌಕದಲ್ಲಿ ಬರೆದೆ. ಪೋಲಿಷ್ ನಿಘಂಟಿನ ಚರಿತ್ರೆಯಲ್ಲಿ ಅಂಥ ಸಂಬೋಧನೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಅನುಮಾನ. ವಿಡಿಯೋದಲ್ಲಿ ಯಾದ್ವಿಗಾ ಅದನ್ನು ಮೆಲ್ಲಗೆ ಓದಿದರು.

“ಕೊನೆಯಲ್ಲಿ ಇದೇನು ಬಾಲ?”

“ಬೈಗುಳ. ನಮ್ಮ ಕಡೆ ಮೂರನೆಯ ಕರೆಗೆ ಬೈಗುಳ ಸೇರಿಯೇ ಇರುತ್ತದೆ. ಇದು ಸುಳ್ಳಲ್ಲ.”

ಸಾಕ್ಷಿ ಕೇಳುತ್ತಾರೆ ಎಂದು ಮತ್ತೆ ಬಾಗಿಲ ಕಡೆ ಫೋನು ತಿರುಗಿಸಲು ಹೋದೆ. ಅವರು ತಡೆದರು. “ಬೇಡ. ಇದಕ್ಕೆ ನಾನೇ ಸಾಕ್ಷಿ. ನಾನು ನಾಲ್ಕು ಮಕ್ಕಳನ್ನು ಬೆಳೆಸಿದವಳು.” ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದರು.

ಹೆಗ್ಗಣ ಇನ್ನೂ ಮೂರನೆಯ ಸಂದಿನ ಬಾಯಲ್ಲೇ ನಿಂತಿತ್ತು. ಅಲ್ಲಿಂದಲೇ ಶುರು ಮಾಡಿತು. ಮೂರು ಕಿಲೋಮೀಟರ್ ಕೆಳಗೆ, ಕಲ್ಲಿನ ಹೊಟ್ಟೆಯಲ್ಲಿ, ನನ್ನ ಬೈಗುಳ ಮೊಳಗಿತು. ಪಂಪಿನವರು ಸಿಮೆಂಟು ಹಾಲು ಬಿಡಲು ಕೈ ಸನ್ನೆಗೆ ಕಾಯುತ್ತ ನಿಂತಿದ್ದರು. ಪರದೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಬಂತು, ಕೆಂಪಗೆ, ಪೋಲಿಷಿನಲ್ಲಿ: ಅಪರಿಚಿತ ಪದ.

ವಿಟೋಲ್ಡ್ ಕುರ್ಚಿ ಬೀಳಿಸಿ ಎದ್ದ. “ಪದ!” ಎಂದು ಕಿರುಚಿದ. “ಸದ್ದು ಅನ್ನಲಿಲ್ಲ, ಪದ ಅಂದಿತು! ಬಾಯಿ ಇದೆ ಅಲ್ಲಿ! ಪಂಪು ನಿಲ್ಲಿಸಿ!” ಸ್ಪೀಕರಿನ ದನಿ ಏರಿಸಿದ. ಧೂಳು ತುಂಬಿದ ಗಂಟಲಿನಿಂದ, ಬಲು ದೂರದಿಂದ, ನಮ್ಮ ಊರಿನ ಕನ್ನಡ ಬಂತು.

“ಅದೀನಕ್ಕಾ... ಒದರಬ್ಯಾಡ.”

ನಾನು ನೆಲದ ಮೇಲೆ ಕೂತುಬಿಟ್ಟೆ. ಆ ದಿನ ನಾನು ಸುಮ್ಮನೆ ಕೂತದ್ದು ಅದೊಂದೇ ಸಲ.

ಹೆಗ್ಗಣ ಆ ಕಡೆಗೆ ತೋಡಿತು. ಅಯ್ಯಾಳಪ್ಪ ಮೇಲೆ ಬಂದಾಗ ಒಂದು ಕಾಲು ಮುರಿದಿತ್ತು, ಡಬ್ಬಿ ಚಪ್ಪಟೆಯಾಗಿತ್ತು. ಅವ್ವ ಆಸ್ಪತ್ರೆಗೆ ರೊಟ್ಟಿಯ ಗಂಟು ಹೊತ್ತು ಬಂದು ಇಡೀ ವಾರ್ಡಿಗೆ ಹಂಚಿದಳು. ಆಮೇಲೆ ಗಣಿಯಲ್ಲಿ ಎಲ್ಲರ ಹೆಸರಿನ ಕರೆಗಳನ್ನೂ ಹೊಸದಾಗಿ ಮುದ್ರಿಸಿದೆವು. ಹೆಂಡತಿಯರು ಸಾಲುಗಟ್ಟಿ ನಿಂತರು. ಅವರಿಗೆ ಅಭ್ಯಾಸ ಮಾಡಿಸುವ ಕೆಲಸವೇ ಬೀಳಲಿಲ್ಲ. ಯಾದ್ವಿಗಾ ಅವರ ನಿಘಂಟಿನಲ್ಲಿ ಈಗ ರಾಯಚೂರು ಸೀಮೆಯ ಬೈಗುಳಗಳ ಒಂದು ದೊಡ್ಡ ಬಣವಿಯೇ ಇದೆ, ಪ್ರತಿಯೊಂದೂ ಪರೀಕ್ಷೆ ಮಾಡಿ ಸೇರಿಸಿದ್ದು.

ಅಯ್ಯಾಳಪ್ಪ ತುಂಬ ದಿನ ಒಳಗಿನ ಸುದ್ದಿ ಎತ್ತಲಿಲ್ಲ. ಒಂದು ದಿನ ಅವನಿಗೆ ಊಟ ಬಡಿಸುವಾಗ ಅವನ ಅಂಗೈಯ ಅಂಚಿನಲ್ಲಿ ಹಲ್ಲಿನ ಗಾಯ ಮಾಯ್ದ ಗುರುತು ಕಂಡಿತು. ಇದೇನು ಎಂದು ಕೇಳಿದೆ.

“ನಾನ ಕಚ್ಕೊಂಡಿದ್ದೆ,” ಎಂದ. ರೊಟ್ಟಿ ಮುರಿಯುತ್ತಲೇ ಹೇಳಿದ, ನನ್ನ ಮುಖ ನೋಡಲಿಲ್ಲ. “ನಿನ್ನ ದನಿ ಬಂತಲ್ಲ ಮೊದಲು, ಮೆತ್ತಗ, ಒಂದ ಸಲ. ಓ ಅನ್ನಾಕ ಬಾಯಿ ತಾನ ತೆರೀತಿತ್ತು. ಅದಕ್ಕ ಕೈ ತುರುಕಿ ಕಚ್ಚಿ ಹಿಡದೆ. ಎರಡನೇ ಸಲ ಮೂರು ಕರೀತಲ್ಲ, ಒಂದ ನಮೂನಿ, ಆವಾಗ ಇನ್ನೂ ಅಂಜಿಕಿ ಆತು. ಕತ್ತಲವ್ವ ಮೂರು ಕರಿಯಾಕ ಕಲ್ತಾಳ ಅನಕೊಂಡೆ. ಅಕ್ಕಾ, ಕಲ್ಲಿಗಿ ಅಂಜಲಿಲ್ಲ ನಾ. ನಿನ್ನ ದನಿಗಿ ಅಂಜಿದ್ದೆ.”

ಅವನು ಹೀಗೆ ಅಂದದ್ದಕ್ಕೆ ನಾನು ನಕ್ಕೆ, ಅವನೂ ನಕ್ಕ. ಆದರೆ ಆ ಮಾತು ಹೋಗಲಿಲ್ಲ, ನನ್ನೊಳಗೆ ಉಳಿಯಿತು. ಮಾರನೆಯ ದಿನ ಸಂಜೆ ನಡುಮನೆಯಲ್ಲಿ ದೀಪ ಹಾಕಿರಲಿಲ್ಲ, ಅವನು ಗೋಡೆಗೆ ಒರಗಿ ಕೂತಿದ್ದ. ಚಹಾಕ್ಕೆ ಬಾ ಎಂದು ಅಡುಗೆಮನೆಯಿಂದ ಕರೆದೆ. “ಅಯ್ಯಾಳಪ್ಪೋ.” ಇಣುಕಿ ನೋಡಿದರೆ ಅವನ ಕೈ ಬಾಯಿಯ ಹತ್ತಿರ ಹೋಗಿತ್ತು.

ಈಗ ನಾನು ತಮ್ಮನನ್ನು ಕರೆಯುವುದಿಲ್ಲ. ಅವ್ವ ಕರೆಯುತ್ತಾಳೆ, ದುರುಗಪ್ಪ ಬಾಗಿಲಿಗೆ ಬಂದು ಕರೆಯುತ್ತಾನೆ, ಅವರಿಗೆಲ್ಲ ಅವನು ಓ ಅನ್ನುತ್ತಾನೆ. ನನಗೆ ಅವನಲ್ಲಿ ಮಾತಿದ್ದರೆ ಮಾಡುವ ಕೆಲಸ ಬಿಟ್ಟು ಎದ್ದು ಹೋಗುತ್ತೇನೆ, ಅವನ ಎದುರಿಗೆ ನಿಲ್ಲುತ್ತೇನೆ, ಅವನು ತಲೆ ಎತ್ತಿ ನನ್ನ ಮುಖ ನೋಡಿದ ಮೇಲೆಯೇ ಬಾಯಿ ತೆರೆಯುತ್ತೇನೆ.